ಇಳಾಳ ಚುಕ್ಕಿಗಳೂ ನನ್ನ ಗೆರೆಗಳೂ

ನನ್ನ ಬಾಯಿ ಎಷ್ಟು ಸುಮ್ಮನಿರುತ್ತದೆಯೋ ಕೈ ಅಷ್ಟೇ ಸುಮ್ಮನಿರುವುದಿಲ್ಲ. ಇದನ್ನು ಮೊದಲೇ ಒಪ್ಪಿಕೊಂಡುಬಿಡುವುದು ಒಳ್ಳೆಯದು. ನಾಲ್ಕು ಜನ ಕೂತ ಕಡೆ ನನ್ನಿಂದ ಒಂದು ಮಾತು ಹೊರಡಿಸುವುದು ಯಾರಿಂದಲೂ ಆಗದ ಕೆಲಸ. ಆದರೆ ಅದೇ ನಾಲ್ಕು ಜನರ ನಡುವೆ ಮೇಜಿನ ಮೇಲಿನ ಬಟ್ಟೆ ಸೊಟ್ಟಗಿದ್ದರೆ ನನ್ನ ಕೈ ನನ್ನನ್ನೂ ಕೇಳದೆ ಹೋಗಿ ಅದನ್ನು ಎಳೆದು ನೆಟ್ಟಗೆ ಮಾಡಿ ವಾಪಸು ಬಂದು ಮಡಿಲಲ್ಲಿ ಕೂತಿರುತ್ತದೆ. ಒಮ್ಮೆ ಒಂದು ಮದುವೆಮನೆಯಲ್ಲಿ ನನ್ನ ಮುಂದಿನ ಸಾಲಿನಲ್ಲಿ ಕೂತಿದ್ದ ಹೆಂಗಸಿನ ಜಡೆಯಲ್ಲಿ ಹೂವಿನ ದಂಡೆ ಒಂದು ಕಡೆಗೆ ವಾಲಿತ್ತು. ಮಾಂಗಲ್ಯಧಾರಣೆಯ ಹೊತ್ತಿಗೆ ನೋಡುತ್ತೇನೆ, ನಾನು ಅದನ್ನು ತೆಗೆದು ಮತ್ತೆ ಮುಡಿಸುತ್ತಿದ್ದೇನೆ. ಆಕೆ ಯಾರೆಂದು ನನಗೆ ಇವತ್ತಿಗೂ ಗೊತ್ತಿಲ್ಲ. ನಮ್ಮ ಯಜಮಾನರು ಬದುಕಿದ್ದಾಗ, "ಊರಿನ ಸೊಟ್ಟಗಳನ್ನೆಲ್ಲ ನಿನಗೇ ಗುತ್ತಿಗೆಗೆ ಕೊಟ್ಟಿದ್ದಾರೇನೇ?" ಎಂದು ಕೇಳುತ್ತಿದ್ದರು. ನಾನು ಉತ್ತರ ಕೊಡದೆ ಅವರ ಅಂಗಿಯ ಕಾಲರನ್ನು ಸರಿಮಾಡುತ್ತಿದ್ದೆ.

ಈ ಕೈ ಒಂದು ಸಲ ಮಾಡಿದ ಅನಾಹುತವನ್ನು ನನ್ನ ಮೊಮ್ಮಕ್ಕಳಿಗಾಗಿ ಬರೆದಿಡಬೇಕೆಂದು ಕೂತಿದ್ದೇನೆ. ದೊಡ್ಡವಳು ಇಳಾಗೆ ಇದು ಗೊತ್ತೇ ಇದೆ, ಏಕೆಂದರೆ ಅನಾಹುತ ಆದದ್ದೇ ಅವಳಿಗೆ. ಆಮೇಲೆ ಹುಟ್ಟಿದ ಅವಳ ತಂಗಿಗೆ ಗೊತ್ತಾಗಲಿ ಎಂಬುದು ನನ್ನ ಆಸೆ. ಇಬ್ಬರಿಗೂ ಕನ್ನಡ ಓದಲು ಬರುವುದಿಲ್ಲ, ಹಾಗಾಗಿ ಸದ್ಯಕ್ಕೆ ಧೈರ್ಯವಾಗಿ ನಿಜವನ್ನೇ ಬರೆಯಬಹುದು.

ಮಗಳು ವೀಣಾಳ ಮನೆಗೆ, ಅಮೆರಿಕದ ಜಾರ್ಜಿಯಾ ರಾಜ್ಯದ ಸುವಾನಿಗೆ, ನಾನು ಬಂದದ್ದು ಆರು ತಿಂಗಳಿಗೆಂದು. ಬಂದು ಎರಡು ತಿಂಗಳಾಗುವಷ್ಟರಲ್ಲಿ ಕರೋನಾ ಬಂದು ವಿಮಾನಗಳು ನಿಂತವು. ಆಮೇಲೆ ವಿಮಾನಗಳು ಹೊರಟರೂ ಮಗಳು ಕಾಗದಪತ್ರ ಮಾಡಿಸಿ ನನ್ನನ್ನು ಇಲ್ಲೇ ಉಳಿಸಿಕೊಂಡಳು. ಆಗ ಇಳಾಗೆ ಆರು ವರ್ಷ. ಮೊದಲು ಕಂಪ್ಯೂಟರಿನ ಮುಂದೆ ಕೂತು ಶಾಲೆ, ಆಮೇಲೆ ಮಾಸ್ಕ್ ಹಾಕಿಕೊಂಡು ನಿಜವಾದ ಶಾಲೆ. ನಿಜವಾದ ಶಾಲೆಗೆ ಹೋದ ಮೇಲೆ ಆ ಮಗು ಮಾತು ನಿಲ್ಲಿಸಿಬಿಟ್ಟಿತು. ಮನೆಯಲ್ಲಿ ನನ್ನ ಹತ್ತಿರ ಕಾಳು ಹುರಿದ ಹಾಗೆ ಪಟಪಟ ಮಾತಾಡುವವಳು ಹೊಸಿಲು ದಾಟಿದರೆ ತುಟಿ ಬಿಚ್ಚುತ್ತಿರಲಿಲ್ಲ. ಮೂರು ತಿಂಗಳಿಂದ ತರಗತಿಯಲ್ಲಿ ಒಂದು ಮಾತೂ ಆಡಿಲ್ಲ ಎಂದು ಟೀಚರು ವೀಣಾಗೆ ಹೇಳಿದರು. ವೀಣಾ ರಾತ್ರಿ ಊಟ ಬಿಟ್ಟಳು. ಅಳಿಯ ಪ್ರಸನ್ನ, "ನಾಚಿಕೆ ಅಷ್ಟೆ ಕಣೆ, ಅತ್ತೆಯ ಕಡೆಯಿಂದ ಬಂದಿರತ್ತೆ," ಎಂದ. ಅದು ಸಮಾಧಾನವೋ ದೂರೋ ತಿಳಿಯದೆ ನಾನು ಅವನ ತಟ್ಟೆಗೆ ಇನ್ನೊಂದು ಚಪಾತಿ ಹಾಕಿದೆ. ಆದರೆ ಒಳಗೆ ಕುಟುಕಿತು. ಸ್ಕೂಲಿನಲ್ಲಿ ಬಾಯಿ ಬಿಡದೆ ಕೂತ ಮಗುವಿನ ಹೊಟ್ಟೆಯೊಳಗೆ ಏನಾಗುತ್ತದೆ ಎಂಬುದು ಆ ಮನೆಯಲ್ಲಿ ನನಗೆ ಗೊತ್ತಿದ್ದಷ್ಟು ಇನ್ನಾರಿಗೂ ಗೊತ್ತಿರಲಿಲ್ಲ.

ಯಾರೋ ಹೇಳಿದರೆಂದು ವೀಣಾ ಅವಳನ್ನು ಶನಿವಾರದ ಚಿತ್ರದ ಕ್ಲಾಸಿಗೆ ಸೇರಿಸಿದಳು. ಮಿಸ್ ಕ್ಯಾರಲ್ ಎನ್ನುವ ನರೆಗೂದಲಿನ ಹೆಂಗಸು ತಮ್ಮ ಹಿತ್ತಲಿನಲ್ಲಿ ಮೇಜು ಹಾಕಿ ನಡೆಸುತ್ತಿದ್ದ ಕ್ಲಾಸು ಅದು. ಅಲ್ಲಿ ಇದನ್ನು ಬರೆಯಿರಿ, ಹೀಗೆ ಬರೆಯಿರಿ ಎಂದು ಯಾರೂ ಹೇಳುವುದಿಲ್ಲ. ಕಾಗದ, ಬಣ್ಣ, ದಾರ, ಒಣಗಿದ ಎಲೆ, ಹಳೆಯ ಗುಂಡಿ ಎಲ್ಲ ಮೇಜಿನ ಮೇಲೆ ಸುರಿದು ಸುಮ್ಮನಾಗುತ್ತಾರಂತೆ. ಮಗುವಿಗೆ ಏನು ತೋಚುತ್ತದೋ ಅದು. ಮುಗಿಯುವುದು ಯಾವಾಗ ಎಂದು ಹೇಳುವುದೂ ಮಗುವೇ. ಅಪ್ಪ ಅಮ್ಮಂದಿರಿಗೆ ಒಂದು ಈಮೇಲ್ ಬಂದಿತ್ತು. ವೀಣಾ ಅದನ್ನು ಅಡುಗೆಮನೆಯಲ್ಲಿ ನನಗೆ ಕನ್ನಡದಲ್ಲಿ ಓದಿ ಹೇಳಿದಳು.

"ಅಮ್ಮ, ಕೇಳಿಸ್ಕೊ. ಮಗುವಿನ ಚಿತ್ರವನ್ನು ನೀವು ಸರಿ ಮಾಡಬೇಡಿ. ಸಹಾಯ ಮಾಡಬೇಡಿ. 'ಇದೇನು?' ಅಂತ ಕೇಳಬೇಡಿ. 'ಇದರ ಬಗ್ಗೆ ಹೇಳು' ಅನ್ನಿ. ಹೇಳಿದರೆ ಕೇಳಿ, ಹೇಳದಿದ್ದರೆ ಬಿಡಿ."

"ಏನು ಮಾಡ್ತೀವಿ ಅಂತ ಗೊತ್ತಿಲ್ದೆ ಒಲೆ ಹಚ್ಚೋಕಾಗತ್ತೇನೆ?" ಎಂದೆ ನಾನು.

"ಅಮ್ಮ, ಇದು ಹುಳಿ ಅಲ್ಲ. ಪ್ಲೀಸ್, ನೀನು ಏನೂ ಮುಟ್ಬೇಡ."

ನನಗೆ ಅದು ವಿಚಿತ್ರವಾಗಿ ಕಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಹುಣಸೂರಿನ ಹತ್ತಿರದ ನಮ್ಮ ಹಳ್ಳಿಯ ಶಾಲೆಯಲ್ಲಿ ನಾನು ಏಳನೆಯ ತರಗತಿಯವರೆಗೆ ಓದಿದವಳು. ಡ್ರಾಯಿಂಗ್ ಪೀರಿಯಡ್ಡು ಎಂದರೆ ಮೇಷ್ಟ್ರು ಬೋರ್ಡಿನ ಮೇಲೆ ಒಂದು ಬದನೆಕಾಯಿ ಬರೆದು, ಬೆತ್ತವನ್ನು ಮೇಜಿನ ಮೇಲಿಟ್ಟು, ಕುರ್ಚಿಯಲ್ಲಿ ಕಣ್ಣು ಮುಚ್ಚುವುದು. ಎಚ್ಚರವಾದ ಮೇಲೆ ಸ್ಲೇಟುಗಳನ್ನು ಒಂದೊಂದಾಗಿ ಬೋರ್ಡಿನ ಪಕ್ಕ ಹಿಡಿದು ನೋಡುವುದು. ಅವರ ಬದನೆಕಾಯಿಯ ತೊಟ್ಟು ಎಡಕ್ಕೆ ಬಾಗಿದ್ದರೆ ನಮ್ಮದೂ ಎಡಕ್ಕೇ ಬಾಗಿರಬೇಕು. ನನ್ನ ಬದನೆಕಾಯಿಗೆ ಹತ್ತಕ್ಕೆ ಹತ್ತು ಬಂದಿತ್ತು. "ನೋಡ್ರೋ, ನನ್ನದು ಯಾವುದು ಇವಳದು ಯಾವುದು ಅಂತ ನನಗೇ ಗೊತ್ತಾಗ್ತಿಲ್ಲ," ಎಂದು ಮೇಷ್ಟ್ರು ಹೇಳಿದ್ದರು. ನನ್ನ ಇಡೀ ವಿದ್ಯಾಭ್ಯಾಸದಲ್ಲಿ ಯಾರಾದರೂ ನನ್ನನ್ನು ಎಲ್ಲರೆದುರು ಹೊಗಳಿದ್ದು ಅದೊಂದೇ ಸಲ. ಆ ದಿನ ನಾನು ಮನೆಗೆ ನಡೆದು ಹೋದದ್ದು ನೆಲದ ಮೇಲೆ ಅಲ್ಲ.

ಬದನೆಕಾಯಿಯನ್ನು ಬಿಟ್ಟರೆ ನನಗೆ ಬರುವ ಇನ್ನೊಂದು ಚಿತ್ರ ರಂಗೋಲಿ. ಸುವಾನಿಯ ಮನೆಯ ಮುಂದೆಯೂ ಬೆಳಿಗ್ಗೆ ಮೆಟ್ಟಿಲ ಕೆಳಗೆ ಸೀಮೆಸುಣ್ಣದಲ್ಲಿ ಚುಕ್ಕಿ ಇಟ್ಟು ಗೆರೆ ಎಳೆಯುತ್ತಿದ್ದೆ. ಪಾರ್ಸೆಲ್ ತರುವವರು ಅದನ್ನು ತುಳಿಯಬಾರದೆಂದು ಒಂದು ಕಾಲಿನಲ್ಲಿ ನಿಂತು, ಡಬ್ಬವನ್ನು ದೂರದಿಂದ ಬಾಗಿಲ ಹತ್ತಿರ ಜಾರಿಸಿ ಹೋಗುತ್ತಿದ್ದರು. ನಮ್ಮತ್ತೆ ಈ ವಿಷಯದಲ್ಲಿ ಬಲು ಕಟ್ಟುನಿಟ್ಟು. ಚುಕ್ಕಿ ಇಟ್ಟ ಮೇಲೆ ಗೆರೆ ಎಳೆಯದೆ ಎದ್ದು ಹೋಗಬಾರದು. ಒಮ್ಮೆ ನಾನು ಹೊಸ ಸೊಸೆಯಾಗಿದ್ದಾಗ ಚುಕ್ಕಿ ಇಡುತ್ತಿದ್ದಂತೆಯೇ ಒಳಗೆ ಹಾಲು ಉಕ್ಕಿತು. "ಹಾಲು ಹೋದ್ರೆ ಹೋಗಲಿ, ನೀನು ಏಳಬೇಡ. ಒಂಟಿ ಚುಕ್ಕಿ ಬಿಟ್ಟರೆ ಮನೆಯೋರು ಒಬ್ಬೊಬ್ಬರೂ ಒಂದೊಂದು ದಿಕ್ಕಾಗ್ತಾರೆ," ಎಂದು ಬಾಗಿಲಲ್ಲಿ ನಿಂತು ನನ್ನನ್ನು ಕಾದರು. ಎರಡು ಸೇರು ಹಾಲು ಒಲೆಯ ಪಾಲಾಯಿತು. ಚುಕ್ಕಿ ಒಂದೂ ಒಂಟಿಯಾಗಲಿಲ್ಲ.

ಇಳಾ ಬೆಳಿಗ್ಗೆ ಮೆಟ್ಟಿಲ ಮೇಲೆ ಕೂತು ನನ್ನ ಚುಕ್ಕಿಗಳನ್ನು ನೋಡುತ್ತಿದ್ದಳು. ಎರಡು ಸಾವಿರದ ಇಪ್ಪತ್ತೊಂದರ ಏಪ್ರಿಲಿನಲ್ಲಿ ಅವಳು ಮಿಸ್ ಕ್ಯಾರಲ್ ಕೊಟ್ಟ ಒಂದು ದೊಡ್ಡ ಕಾಗದವನ್ನು ಸುರುಳಿ ಸುತ್ತಿ ತಂದು ನನ್ನ ರೂಮಿನ ನೆಲದ ಮೇಲೆ ಹರಡಿದಳು. ಅಂಗಾತ ಮಲಗಿದರೆ ಅವಳಷ್ಟೇ ಉದ್ದವಿತ್ತು. ಅಮ್ಮನಿಗೂ ಅಪ್ಪನಿಗೂ ತೋರಿಸುವುದಿಲ್ಲ, ಅಜ್ಜಿಗೆ ಮಾತ್ರ ತೋರಿಸುತ್ತೇನೆ ಎಂದಳು. "ಯೂ ಆರ್ ಕ್ವಯಟ್, ಅಜ್ಜಿ. ನೀನು ಯಾರ್ಗೂ ಹೇಳಲ್ಲ," ಎಂದಳು. ಸುಮ್ಮನಿರುವುದನ್ನು ಒಂದು ಗುಣವೆಂದು ಯಾರಾದರೂ ಲೆಕ್ಕಕ್ಕೆ ತೆಗೆದುಕೊಂಡದ್ದು ನನಗೆ ಹೊಸದು. ಮೂರು ವಾರ ಅವಳು ಶಾಲೆಯಿಂದ ಬಂದು ಆ ಕಾಗದದ ಮುಂದೆ ಮಂಡಿಯೂರಿ ಚುಕ್ಕಿ ಇಟ್ಟಳು. ಕೆಲವು ಹೆಬ್ಬೆರಳನ್ನು ಕೆಂಪು ಬಣ್ಣದಲ್ಲಿ ಅದ್ದಿ ಒತ್ತಿದ್ದು, ಕೆಲವು ಕಿವಿಗೆ ಹಾಕುವ ಹತ್ತಿಯ ಕಡ್ಡಿಯಿಂದ, ಕೆಲವು ಪೆನ್ಸಿಲಿನ ಹಿಂಭಾಗದಿಂದ. ಪ್ರತಿಯೊಂದು ಚುಕ್ಕಿ ಇಡುವ ಮೊದಲೂ ಬಹಳ ಹೊತ್ತು ಯೋಚಿಸುತ್ತಿದ್ದಳು. ಇದೇನು ಎಂದು ನಾನು ಒಂದು ಸಲವೂ ಕೇಳಲಿಲ್ಲ. ಈಮೇಲ್ ಹೇಳಿದ್ದನ್ನು ಅಷ್ಟರ ಮಟ್ಟಿಗೆ ಪಾಲಿಸಿದೆ.

ಮೇ ತಿಂಗಳ ಒಂದು ಶುಕ್ರವಾರ ಸಂಜೆ ಆರಕ್ಕೆ ಪಾರ್ಕಿನಲ್ಲಿ ಮಕ್ಕಳ ಚಿತ್ರಗಳ ಪ್ರದರ್ಶನ ಎಂದಾಯಿತು. ಪ್ರತಿ ಮಗುವೂ ತನ್ನ ಚಿತ್ರದ ಪಕ್ಕ ನಿಂತು ಒಂದೆರಡು ಮಾತು ಹೇಳಬೇಕು. ಇಷ್ಟ ಇಲ್ಲದಿದ್ದರೆ ಬೇಡ. ವೀಣಾ ಭಯಪಡುತ್ತಲೇ ಇಳಾಳನ್ನು ಕೇಳಿದಳು. ಇಳಾ, "ಐ ವಿಲ್ ಟಾಕ್," ಎಂದಳು. ವೀಣಾ ಬಚ್ಚಲಿಗೆ ಹೋಗಿ ಕಣ್ಣೊರೆಸಿಕೊಂಡು ಬಂದಳು. ಆಸ್ಪತ್ರೆಯ ಲ್ಯಾಬಿನಲ್ಲಿ ಆ ಶುಕ್ರವಾರದ ಮಧ್ಯಾಹ್ನದ ಪಾಳಿಯನ್ನು ಬೇರೆಯವರ ಬೆಳಗಿನ ಪಾಳಿಯೊಂದಿಗೆ ಬದಲಾಯಿಸಿ ಐದಕ್ಕೆ ಮನೆಗೆ ಬರುವ ಏರ್ಪಾಡು ಮಾಡಿಕೊಂಡಳು.

ಆ ಶುಕ್ರವಾರ ಬೆಳಿಗ್ಗೆ ಕುಕ್ಕರು ಇಟ್ಟು, ಅದು ಕೂಗುವ ತನಕ ರೂಮು ಗುಡಿಸೋಣವೆಂದು ಹೋದೆ. ಕಾಗದ ಮಂಚದ ಪಕ್ಕದಲ್ಲಿ ಹರಡಿತ್ತು. ಪೊರಕೆ ಹಿಡಿದು ನಿಂತು ನೋಡಿದೆ. ಮೇಲ್ಗಡೆ ಏಳು ಚುಕ್ಕಿ ಹೆಚ್ಚು ಕಡಿಮೆ ಸಾಲಾಗಿದ್ದವು. ಅದರ ಕೆಳಗೆ ಸಂದಿಯಲ್ಲಿ ಆರು. ಅದರ ಕೆಳಗೆ ಐದು ಇದ್ದು, ಆಮೇಲೆ ಸಾಲು ತಪ್ಪಿ ಚೆಲ್ಲಾಪಿಲ್ಲಿಯಾಗಿತ್ತು. ಅಯ್ಯೋ ಪಾಪ, ನನ್ನದನ್ನು ನೋಡಿ ಚುಕ್ಕಿ ರಂಗೋಲಿ ಹಾಕಲು ಹೊರಟಿದೆ ಮಗು, ನಡುವೆ ಲೆಕ್ಕ ತಪ್ಪಿದೆ, ಗೆರೆ ಎಳೆಯಲು ಬಾರದೆ ಬಿಟ್ಟಿದೆ ಎಂದು ನನಗೆ ಸ್ಪಷ್ಟವಾಗಿ ಅನ್ನಿಸಿತು. ಸಂಜೆ ಅಷ್ಟು ಜನರ ಮುಂದೆ ಅರ್ಧ ರಂಗೋಲಿಯ ಪಕ್ಕ ನಿಂತು ಅದು ಏನೆಂದು ಹೇಳೀತು? ಕಾಗದದ ಪಕ್ಕದಲ್ಲೇ ಅವಳ ಕಪ್ಪು ಮಾರ್ಕರು ಬಿದ್ದಿತ್ತು. ಮೇಲಿನ ಎರಡು ಚುಕ್ಕಿಗಳ ನಡುವೆ ಒಂದೇ ಒಂದು ಎಸಳು ತೋರಿಸಿಕೊಟ್ಟರೆ ಉಳಿದದ್ದನ್ನು ಅವಳೇ ಎಳೆದುಕೊಳ್ಳುತ್ತಾಳೆ ಎಂದುಕೊಂಡೆ.

ಒಂದು ಎಸಳು ಆದ ಮೇಲೆ ಏನಾಯಿತೆಂದು ನನ್ನನ್ನು ಕೇಳಬೇಡಿ. ಕುಕ್ಕರು ಮೂರು ಸಲ ಕೂಗಿದ್ದೂ ಕೇಳಿಸಲಿಲ್ಲ. ಐದನೆಯ ಕೂಗಿಗೆ ಓಡಿಹೋಗಿ ಒಲೆ ಆರಿಸಿ ವಾಪಸು ಬಂದು ಬಾಗಿಲಲ್ಲಿ ನಿಂತಾಗ ನೋಡಿದೆ. ಕಾಗದದ ಮುಕ್ಕಾಲು ಭಾಗದಲ್ಲಿ ಕಮಲ ಅರಳಿತ್ತು. ಸುತ್ತ ಬಳ್ಳಿ. ಎರಡು ಕಡೆ ಹಂಸ. ಬಲು ಚೆನ್ನಾಗಿಯೇ ಇತ್ತು. ಇದು ನಮ್ಮ ಮನೆಯ ಬಾಗಿಲ ಮುಂದಿನ ರಂಗೋಲಿ, ಇಳಾಳ ಚಿತ್ರ ಎಲ್ಲಿ ಹೋಯಿತು ಎಂದು ಯಾರೋ ಕೇಳಿದಂತಾಯಿತು. ಕೈಯಲ್ಲಿದ್ದ ಮಾರ್ಕರು ಕೆಳಗೆ ಬಿತ್ತು. 'ಸರಿ ಮಾಡಬೇಡಿ, ಸಹಾಯ ಮಾಡಬೇಡಿ.' ಕೇಳಬೇಡ ಎಂದದ್ದನ್ನು ಮೂರು ವಾರ ಪಾಲಿಸಿದವಳು ಮುಟ್ಟಬೇಡ ಎಂದದ್ದನ್ನು ಅರ್ಧ ಗಂಟೆ ಪಾಲಿಸಲಾರದೆ ಹೋದೆ. ಕೇಳಿಬಿಟ್ಟಿದ್ದರೂ ಆಗುತ್ತಿತ್ತಲ್ಲ!

ಗಡಿಯಾರ ಹನ್ನೊಂದೂವರೆ ತೋರಿಸಿತು. ಶಾಲೆಯ ಬಸ್ಸು ಬರುವುದು ಮೂರು ಹತ್ತಕ್ಕೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಗೆರೆ ಅಲುಗಲಿಲ್ಲ, ಪಕ್ಕದ ಕೆಂಪು ಚುಕ್ಕಿ ಮಾತ್ರ ಹರಡಿಕೊಂಡಿತು. ವೀಣಾಳ ಉಗುರುಬಣ್ಣ ತೆಗೆಯುವ ಎಣ್ಣೆ ಹಚ್ಚಿದೆ. ಕಾಗದ ಬೆಳ್ಳಗಾಗುವ ಬದಲು ತೂತಾಗುವ ಲಕ್ಷಣ ತೋರಿಸಿತು. ಗೋಧಿಹಿಟ್ಟಿನ ಉಂಡೆ ಉಜ್ಜಿದೆ. ಕೊನೆಗೆ, ಎರಡು ಗಂಟೆ ಹೊಡೆದ ಮೇಲೆ, ಪ್ರಸನ್ನನ ಮೇಜಿನ ಮೇಲೆ ತಪ್ಪು ಅಳಿಸುವ ಬಿಳಿ ಬಣ್ಣದ ಶೀಶೆ ಇರುವುದು ನೆನಪಾಗಿ ಮಹಡಿ ಹತ್ತಿದೆ. ಅಳಿಯನ ಮುಂದೆ ನಾನು ಇಂದಿಗೂ ಸೆರಗು ಸರಿಮಾಡಿಕೊಂಡು ನಿಲ್ಲುವವಳು. ಮನೆಯಿಂದಲೇ ಆಫೀಸಿನ ಕೆಲಸ ಮಾಡುತ್ತ ಮೀಟಿಂಗಿನಲ್ಲಿದ್ದ ಅವನ ಕಣ್ಣಿಗೆ ಬೀಳದಂತೆ ಬಾಗಿ, ಮೇಜಿನ ಅಂಚಿನಿಂದ ಕೈ ಚಾಚಿದೆ. ಕಂಪ್ಯೂಟರಿನೊಳಗಿಂದ ಯಾರೋ, "ಹಾಯ್ ಆಂಟಿ!" ಎಂದರು. ಎಂಟು ಮುಖಗಳು ನನ್ನ ಕಡೆ ಕೈಬೀಸಿದವು. ನಾನು ಮೇಜಿನ ಕೆಳಗೆ ಕೂತುಬಿಟ್ಟೆ.

ಪ್ರಸನ್ನ ಮೀಟಿಂಗು ನಿಲ್ಲಿಸಿ ನನ್ನ ಜೊತೆ ಕೆಳಗೆ ಬಂದ. ಕಾಗದ ನೋಡಿದ.

"ಅತ್ತೆ, ಡಿಸೈನ್ ಸೂಪರಾಗಿದೆ," ಎಂದ.

"ಪ್ರಸನ್ನ, ಅದನ್ನ ಅಳಿಸಬೇಕಪ್ಪ."

"ಪರ್ಮನೆಂಟ್ ಮಾರ್ಕರ್ ಅತ್ತೆ ಇದು. ಹೋಗಲ್ಲ. ಮುಂಚೆ ಫೋಟೊ ತೆಗ್ದಿದ್ರಾ?"

"ಇಲ್ಲ."

"ಬ್ಯಾಕಪ್ ಇಲ್ಲ," ಎಂದು ತನಗೆ ತಾನೇ ಹೇಳಿಕೊಂಡು ಗಲ್ಲ ಕೆರೆದುಕೊಂಡ. ಆಮೇಲೆ ಅವನ ಮುಖ ಬೆಳಗಿತು. "ಚುಕ್ಕಿ ತಾನೆ? ಇನ್ನೊಂದು ಪೇಪರ್ ಇದೆ ನನ್ನ ಹತ್ರ. ನಾವಿಬ್ರೂ ಕೂತ್ರೆ ಒಂದು ಗಂಟೇಲಿ ಇದೇ ಥರ ಹೊಸದು ಮಾಡಿಬಿಡಬಹುದು. ಅವಳಿಗೆ ಗೊತ್ತಾಗಲ್ಲ."

ಅದು ತಪ್ಪು ಎಂದು ನನಗೆ ಅನ್ನಿಸಿತು. ಆದರೂ ಆರು ತಿಂಗಳು ಮುಚ್ಚಿದ್ದ ಆ ಪುಟ್ಟ ಬಾಯಿ ನೆನಪಾಗಿ ಹೂಂ ಎಂದೆ. ನಕಲು ಮಾಡುವುದರಲ್ಲಿ ಹತ್ತಕ್ಕೆ ಹತ್ತು ತೆಗೆದವಳು ನಾನು ಎಂಬ ಧೈರ್ಯವೂ ಇತ್ತೆನ್ನಿ. ಪ್ರಸನ್ನ ನೀಲಿ ಹಿಡಿದ, ನಾನು ಕೆಂಪು. ಹತ್ತು ನಿಮಿಷ ಕಳೆಯಿತು. ಪ್ರಸನ್ನನ ಚುಕ್ಕಿಗಳು ಟೈಪು ಹೊಡೆದಂತೆ ಕೂತಿದ್ದವು. ನನ್ನವು ಏಳು, ಆರು, ಐದು, ನಾಲ್ಕು ಎಂದು ಸಾಲುಗಟ್ಟಿ ನಿಂತಿದ್ದವು.

"ಅತ್ತೆ, ಸ್ವಲ್ಪ ಸೊಟ್ಟ ಹಾಕಿ."

"ಹಾಕ್ತಾ ಇದೀನಲ್ಲಪ್ಪ."

"ಇಲ್ಲ ಅತ್ತೆ, ಮತ್ತೆ ಲೈನಿಗೆ ಬಂತು. ಕಣ್ಣು ಮುಚ್ಕೊಂಡು ಹಾಕಿ ನೋಡೋಣ."

ಕಣ್ಣು ಮುಚ್ಚಿ ಹಾಕಿದೆ. ಬೆಳಕು ಹರಿಯುವ ಮೊದಲೇ ಎದ್ದು ಐವತ್ತು ವರ್ಷ ಮಬ್ಬುಗತ್ತಲಲ್ಲಿ ಚುಕ್ಕಿ ಇಟ್ಟ ಕೈ ಅದು. ಕಣ್ಣು ತೆರೆದು ನೋಡಿದರೆ ಮೊದಲಿಗಿಂತ ನೇರವಾಗಿತ್ತು. ಎಡಗೈಯಲ್ಲಿ ಹಾಕಿದೆ. ಎಡಗೈಯೂ ಅಷ್ಟರಲ್ಲಿ ಕಲಿತುಬಿಟ್ಟಿತ್ತು. ಇಳಾಳ ಕಾಗದದ ಕಡೆ ನೋಡಿದೆ. ನನ್ನ ಗೆರೆಗಳ ಸಂದಿಯಲ್ಲಿ ಅವಳ ಚುಕ್ಕಿಗಳು ಒಂದು ಇಲ್ಲಿ, ಒಂದು ಅಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದಂತೆ ನಿಂತಿದ್ದವು. ಆದರೂ ಯಾವುದೊಂದನ್ನೂ ಪಕ್ಕಕ್ಕೆ ಸರಿಸುವಂತಿರಲಿಲ್ಲ. ಬೋರ್ಡಿನ ಬದನೆಕಾಯಿಯನ್ನು ನಕಲು ಮಾಡಬಹುದು. ಇದನ್ನು ಮಾಡುವುದು ನಮ್ಮಿಬ್ಬರ ಕೈಯಲ್ಲಿ ಆಗದ ಕೆಲಸ. ಮೂರು ಗಂಟೆಯಾಯಿತು. ಪ್ರಸನ್ನ ಅರ್ಧ ಮುಗಿದ ಕಳ್ಳ ಕಾಗದವನ್ನು ಮಂಚದ ಕೆಳಗೆ ತಳ್ಳಿ ಮೀಟಿಂಗಿಗೆ ಓಡಿದ. "ಅತ್ತೆ, ನೀವೇ ಹೇಳಿಬಿಡಿ," ಎಂದು ಮೆಟ್ಟಿಲ ಮೇಲಿಂದ ಕೂಗಿದ. ಗಂಡಸರ ಧೈರ್ಯದ ಬಗ್ಗೆ ಇಲ್ಲಿ ಬರೆಯುವುದು ಬೇಡ.

ಬಸ್ಸಿನಿಂದ ಇಳಿದ ಇಳಾ ಆ ದಿನ ನಡೆಯಲಿಲ್ಲ, ಕುಣಿದಳು. ಮನೆಯ ಬಾಗಿಲು ದಾಟಿ ಮಾಸ್ಕ್ ಕಿತ್ತು ಹಾಕುತ್ತಲೇ, "ಅಜ್ಜಿ, ನಾನು ಇವತ್ತು ಮಾತಾಡ್ತೀನಿ. ಬಸ್ಸಲ್ಲಿ ಪ್ರಾಕ್ಟೀಸ್ ಮಾಡ್ದೆ. ಇನ್ ಮೈ ಹೆಡ್!" ಎಂದಳು.

"ಪುಟ್ಟಿ, ಅಜ್ಜಿ ಒಂದು ತಪ್ಪು ಮಾಡಿಬಿಟ್ಟೆ ಕಣೆ," ಎಂದು ಅವಳನ್ನು ರೂಮಿಗೆ ಕರೆದುಕೊಂಡು ಹೋದೆ.

ಅವಳು ಕಾಗದದ ಮುಂದೆ ನಿಂತಳು. ಅಳುತ್ತಾಳೆ, ಕಿರುಚುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಅವಳು ಕುಕ್ಕುರುಗಾಲಿನಲ್ಲಿ ಕೂತು ನನ್ನ ಗೆರೆಗಳ ಮೇಲೆ ಬೆರಳಾಡಿಸಿದಳು.

"ವೈ ಡಿಡ್ ಯೂ ಜಾಯಿನ್ ದೆಮ್, ಅಜ್ಜಿ?"

"ರಂಗೋಲಿ ಅಂದ್ಕೊಂಡೆ ಪುಟ್ಟಿ."

"ಇದು ರಂಗೋಲಿ ಅಲ್ಲ. ಇದು ಜನ. ಪೀಪಲ್." ಅವಳು ಒಂದೊಂದು ಚುಕ್ಕಿಯನ್ನೂ ಮುಟ್ಟಿ ತೋರಿಸಿದಳು. "ಸ್ಕೂಲಲ್ಲಿ ಫ್ಲೋರ್ ಮೇಲೆ ಡಾಟ್ಸ್ ಇದೆ. ಎಲ್ರೂ ಅವರ ಡಾಟ್ ಮೇಲೆ ನಿಂತ್ಕೋಬೇಕು. ಯಾರೂ ಟಚ್ ಮಾಡಬಾರ್ದು. ಇದು ಅಪ್ಪ. ಇದು ಬಸ್ ಡ್ರೈವರ್. ಇದು ಊರಲ್ಲಿರೋ ಮಾಮ, ತುಂಬಾ ದೂರ. ನೀನು ಎಲ್ಲರನ್ನೂ ಟಚ್ ಮಾಡಿಸ್ಬಿಟ್ಟೆ. ಅಜ್ಜಿ, ನೌ ಎವ್ರಿಬಡಿ ಗಾಟ್ ಕರೋನಾ!"

ಅಷ್ಟು ಹೇಳಿ ಮಂಚದ ಕೆಳಗೆ ತೂರಿಕೊಂಡಳು.

ನಾನು ನೆಲದ ಮೇಲೆ ಕೂತೆ. ಒಂಟಿ ಚುಕ್ಕಿ ಬಿಟ್ಟರೆ ಮನೆಯವರು ದಿಕ್ಕಾಪಾಲಾಗುತ್ತಾರೆಂದು ಕಲಿತವಳು ನಾನು. ಒಬ್ಬರಿಗೊಬ್ಬರು ತಾಕಿದರೆ ಸಾಯುತ್ತಾರೆಂದು ಕಲಿತ ಮಗು ಅದು. ಅವಳು ಮೂರು ವಾರ ಜಾಗ ಹುಡುಕಿ ಹುಡುಕಿ ಒಬ್ಬೊಬ್ಬರನ್ನೂ ಜೋಪಾನವಾಗಿ ದೂರ ನಿಲ್ಲಿಸಿದ್ದಳು. ನಾನು ಅರ್ಧ ಗಂಟೆಯಲ್ಲಿ ಕಮಲ ಮಾಡಿ ಕಟ್ಟಿಹಾಕಿದ್ದೆ. "ಪುಟ್ಟಿ, ಹೊರಗೆ ಬಾರೆ," ಎಂದು ಕರೆದೆ. ಒಳಗಿನಿಂದ ಕಾಗದ ಸರಿದ ಸದ್ದು ಬಂತು. ಅಳುತ್ತ ಹೊರಳಿರಬೇಕು ಎಂದುಕೊಂಡೆ.

ಐದು ಗಂಟೆಗೆ ವೀಣಾ ಬಂದಳು. ವಿಷಯ ತಿಳಿದು ಬಾಗಿಲ ಚೌಕಟ್ಟಿಗೆ ಒರಗಿದಳು. "ಅಮ್ಮಾ, ಈಮೇಲ್ ಓದಿ ಹೇಳಿದ್ನಲ್ಲಮ್ಮಾ. ಒಂದೊಂದು ಪದಾನೂ ಬಿಡಿಸಿ ಹೇಳಿದ್ದೆ. ಆರು ತಿಂಗಳಿಂದ ಈ ಒಂದು ದಿನಕ್ಕೆ ಕಾಯ್ತಾ ಇದೀನಿ. ಇನ್ನು ಇವಳು ಬಾಯಿ ಬಿಡ್ತಾಳೇನಮ್ಮ?" ಅವಳು ಜೋರಾಗಿ ಬೈದಿದ್ದರೆ ಚೆನ್ನಾಗಿತ್ತು. ಮೆಲ್ಲಗೆ ಹೇಳಿದಳು. ನಾನು ಸೆರಗಿನ ತುದಿ ಮಡಿಸುತ್ತ ಬಿಚ್ಚುತ್ತ ಕೂತೆ. ಊರಿಗೆ ಟಿಕೆಟ್ಟು ಕೊಡಿಸು ಎಂದು ಕೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು.

ಆಗ ಮಂಚದ ಕೆಳಗಿಂದ ತಲೆ ಹೊರಬಂತು. ಕೂದಲಿಗೆ ಧೂಳು ಮೆತ್ತಿತ್ತು.

"ಅಜ್ಜಿ, ನಿಂಗೆ ಎಷ್ಟು ಶಾಟ್ ಆಯ್ತು?"

"ಏನು?"

"ಕರೋನಾ ಇಂಜೆಕ್ಷನ್ ಎಷ್ಟು ಅಂತ ಕೇಳ್ತಿದಾಳೆ," ಎಂದಳು ವೀಣಾ.

"ಎರಡೂ ಆಯ್ತಲ್ಲ ಪುಟ್ಟಿ, ಹೋದ ತಿಂಗಳೇ."

"ಅಮ್ಮಂಗೆ?"

"ಎರಡು."

ಇಳಾ ಕಾಗದವನ್ನು ತಲೆ ವಾಲಿಸಿ ನೋಡಿದಳು. ಎದ್ದು ಹೋಗಿ ಗಾಯಕ್ಕೆ ಅಂಟಿಸುವ ಪಟ್ಟಿಯ ಡಬ್ಬವನ್ನೂ ಕತ್ತರಿಯನ್ನೂ ತಂದಳು. ಪಟ್ಟಿಗಳನ್ನು ಚೂರು ಚೂರು ಕತ್ತರಿಸಿ, ನನ್ನ ಗೆರೆ ತಾಕಿದ ಒಂದೊಂದು ಚುಕ್ಕಿಯ ಪಕ್ಕಕ್ಕೂ ಅಂಟಿಸತೊಡಗಿದಳು. ವೀಣಾ ಸಹಾಯಕ್ಕೆ ಬಗ್ಗಿದಳು. "ಯಾರೂ ಹೆಲ್ಪ್ ಮಾಡ್ಬಾರ್ದು!" ಎಂದು ಅಪ್ಪಣೆಯಾಯಿತು. ಅಷ್ಟರಲ್ಲಿ ಪ್ರಸನ್ನನೂ ಇಳಿದು ಬಂದಿದ್ದ. ನಾವು ಮೂವರು ಶಿಕ್ಷೆಗೆ ನಿಂತವರ ಹಾಗೆ ಗೋಡೆಗೆ ಒರಗಿ ನಿಂತೆವು. ಪಟ್ಟಿಗಳು ಒಂದೂ ನೆಟ್ಟಗೆ ಕೂರುತ್ತಿರಲಿಲ್ಲ. ಒಂದು ಹಂಸದ ಕುತ್ತಿಗೆಯ ಮೇಲೆ ಅಡ್ಡಾದಿಡ್ಡಿ ಬಿತ್ತು. ನಾನು ನನ್ನ ಬಲಗೈಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದುಕೊಂಡೆ. ಐದೂ ಮುಕ್ಕಾಲಿಗೆ ಅವಳು ಕತ್ತರಿ ಕೆಳಗಿಟ್ಟು, "ಡನ್," ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ನೀನೂ ಬಂದು ನಿಂತ್ಕೋಬೇಕು. ಲೈನ್ಸ್ ನಿಂದು," ಎಂದಳು.

ನಾನು ಅಲ್ಲಿಯವರೆಗೆ ಇಲ್ಲಿಯ ಯಾವ ಸಭೆಗೂ ಹೋದವಳಲ್ಲ. ಆ ದಿನ ಬಟ್ಟೆ ಬದಲಾಯಿಸಲೂ ಹೊತ್ತಿರಲಿಲ್ಲ. ಪಾರ್ಕಿನ ಮಂಟಪದ ಕಂಬಗಳ ನಡುವೆ ಹಗ್ಗ ಕಟ್ಟಿ, ಬಟ್ಟೆ ಒಣಗಿಸುವ ಕ್ಲಿಪ್ಪಿನಲ್ಲಿ ಚಿತ್ರಗಳನ್ನು ತೂಗಿಸಿದ್ದರು. ಜನ ಮಾಸ್ಕ್ ಹಾಕಿಕೊಂಡು ದೂರ ದೂರ ನಿಂತಿದ್ದರು. ಒಂದು ಮಗು ದಾರದಿಂದ ಮಾಡಿದ ಗೋಜಲಿನ ಪಕ್ಕ ನಿಂತು ಅದು ತನ್ನ ಕೋಪ ಎಂದಿತು. ಎಲ್ಲರೂ ಚಪ್ಪಾಳೆ ತಟ್ಟಿದರು. ಎರಡು ಚಿತ್ರದ ನಂತರ ನಮ್ಮ ಸರದಿ. ಇಳಾಳ ಕೈ ನನ್ನ ಬೆರಳನ್ನು ಹಿಡಿದುಕೊಂಡಿತ್ತು.

ಮಿಸ್ ಕ್ಯಾರಲ್ ಬಂದರು. ಚಿತ್ರವನ್ನು ನೋಡಿದರು, ಹಂಸವನ್ನು ನೋಡಿದರು, ನನ್ನನ್ನು ನೋಡಿದರು. ಕಣ್ಣಿನಲ್ಲೇ ನಕ್ಕರು. ಇಳಾಳ ಕಡೆ ಬಾಗಿ, "ಟೆಲ್ ಮಿ ಅಬೌಟ್ ಇಟ್," ಎಂದರು.

ಇಳಾ ನೆಲ ನೋಡಿದಳು. ಯಾರೋ ಕೆಮ್ಮಿದರು. ವೀಣಾ ದೂರದಲ್ಲಿ ಫೋನು ಎತ್ತಿ ಹಿಡಿದಿದ್ದಳು, ಕೈ ಮೆಲ್ಲಗೆ ಇಳಿಯಿತು. ಮಿಸ್ ಕ್ಯಾರಲ್ ಅವಸರಪಡಲಿಲ್ಲ, ಆದರೆ ಸರಿ ಬಿಡು ಎನ್ನುವ ಹಾಗೆ ತಲೆಯಾಡಿಸಿ ಮುಂದಿನ ಚಿತ್ರದ ಕಡೆ ಒಂದು ಹೆಜ್ಜೆ ಇಟ್ಟರು. ಮುಗಿಯಿತು ಎಂದುಕೊಂಡೆ. ಇನ್ನು ಯಾವತ್ತೂ ಈ ಮಗು ಬಾಯಿ ತೆರೆಯುವುದಿಲ್ಲ, ತೆರೆಯದಂತೆ ಮಾಡಿದ್ದು ನಾನು. ಏಳನೆಯ ಕ್ಲಾಸಿನವರೆಗೆ, ಆಮೇಲೆ ಗಂಡನ ಮನೆಯಲ್ಲಿ, ಆಮೇಲೆ ಇಲ್ಲಿ, ಎಲ್ಲೂ ನಾಲ್ಕು ಜನರ ಮುಂದೆ ಬಾಯಿ ಬಿಡದವಳು ಅಲ್ಲಿ ಬಿಟ್ಟೆ. ಅದೂ ಇಂಗ್ಲಿಷಿನಲ್ಲಿ.

"ಮಿಸ್," ಎಂದೆ. "ಲೈನ್, ಮೀ. ಗುಡ್ ಪಿಕ್ಚರ್, ಶೀ. ಮೀ, ಸ್ಪಾಯಿಲ್. ದಿಸ್ ಈಸ್ ಫ್ಲವರ್."

"ನೋ, ಅಜ್ಜಿ."

ಎಲ್ಲರೂ ತಿರುಗಿದರು. ಇಳಾ ತಲೆ ಎತ್ತಿದ್ದಳು. ನಾನು ಮತ್ತೊಂದು ಸಲ ತಪ್ಪು ಮಾಡಿದ್ದನ್ನು ಅವಳು ತಡೆದುಕೊಳ್ಳಲಾರಳೆಂಬುದು ಆ ಮುಖದಲ್ಲಿ ಕಾಣುತ್ತಿತ್ತು. "ಇಟ್ ಈಸ್ ನಾಟ್ ಅ ಫ್ಲವರ್," ಎಂದಳು ಗಟ್ಟಿಯಾಗಿ. ಆಮೇಲೆ ಹೇಳುತ್ತ ಹೋದಳು. ಇಂಗ್ಲಿಷಿನಲ್ಲಿ ಹೇಳಿದ್ದರ ಅರ್ಥವನ್ನು ಪ್ರಸನ್ನ ಆಮೇಲೆ ನನಗೆ ತಿಳಿಸಿದ, ಆದರೆ ಬೆರಳು ತೋರಿಸುತ್ತಿದ್ದುದರಿಂದ ನನಗೇ ಮುಕ್ಕಾಲು ಗೊತ್ತಾಯಿತು. ಇವರೆಲ್ಲ ಮನುಷ್ಯರು. ಪಟ್ಟಿ ಅಂಟಿಸಿಕೊಂಡವರಿಗೆ ಇಂಜೆಕ್ಷನ್ ಆಗಿದೆ, ಅವರು ಒಬ್ಬರನ್ನೊಬ್ಬರು ಹಿಡಿದುಕೊಳ್ಳಬಹುದು, ನೋಡಿ, ಹಿಡಿದುಕೊಂಡಿದ್ದಾರೆ. ಇಲ್ಲಿ ಕೆಳಗೆ ಒಂಟಿಯಾಗಿ ಇರುವವರು ಮಕ್ಕಳು, ನಮಗಿನ್ನೂ ಇಂಜೆಕ್ಷನ್ ಬಂದಿಲ್ಲ. ಈ ಮೂಲೆಯಲ್ಲಿರುವುದು ನಾನು. ಅಲ್ಲಿ ನಿಂತಿದ್ದ ಒಬ್ಬ ದಪ್ಪ ಮನುಷ್ಯ ಕನ್ನಡಕ ತೆಗೆದು ಒರೆಸಿಕೊಂಡ. ಮಿಸ್ ಕ್ಯಾರಲ್ ಅವಳ ಎತ್ತರಕ್ಕೆ ಕೂತುಬಿಟ್ಟಿದ್ದರು. ವೀಣಾಳ ಫೋನು ಮತ್ತೆ ಮೇಲೆ ಹೋಗಿತ್ತು, ಅದರ ಹಿಂದೆ ಅವಳು ಅಳುತ್ತಿದ್ದಳು. ಚಪ್ಪಾಳೆ ಬಿತ್ತು. 

ಹೊರಡೋಣ ಎಂದು ನಾನು ಅವಳ ಕೈ ಎಳೆದೆ.

ಇಳಾ ಕೈ ಬಿಡಿಸಿಕೊಂಡಳು. ಅವಳದು ಇನ್ನೂ ಮುಗಿದಿರಲಿಲ್ಲ. ನಮ್ಮಜ್ಜಿ ಕೇಳದೆ ಗೆರೆ ಎಳೆದಳು, ಎಂದು ಶುರುಮಾಡಿದಳು. ಆಮೇಲೆ ನನ್ನ ಅಪ್ಪನೂ ಅಜ್ಜಿಯೂ ಸೇರಿ ನನಗೆ ಗೊತ್ತಾಗದಂತೆ ಒಂದು ಸುಳ್ಳು ಚಿತ್ರ ಮಾಡಿ ಮಂಚದ ಕೆಳಗೆ ಬಚ್ಚಿಟ್ಟರು, ನಾನು ಅಲ್ಲೇ ಮಲಗಿ ನೋಡಿದೆ. "ಇಟ್ ವಾಸ್ ವೆರಿ ಬ್ಯಾಡ್," ಎಂದಳು. ಮಂಟಪವಿಡೀ ಪ್ರಸನ್ನನ ಕಡೆಗೂ ನನ್ನ ಕಡೆಗೂ ತಿರುಗಿತು. ವೀಣಾ ಫೋನು ಇಳಿಸಿ ಗಂಡನನ್ನು ನೋಡಿದ ನೋಟವನ್ನು ನಾನು ಬರೆಯಲಾರೆ. ಪ್ರಸನ್ನ ಮಾಸ್ಕನ್ನು ಕಣ್ಣಿನವರೆಗೆ ಏರಿಸಿಕೊಂಡ. ಇಳಾಗೆ ಈಗ ಇಂಗ್ಲಿಷು, ಕನ್ನಡ ಎರಡೂ ಸಾಲದಾಗಿ ಕೈ ಆಡಿಸಿ ತೋರಿಸುತ್ತಿದ್ದಳು. ಅಪ್ಪನ ಚುಕ್ಕಿ ಹೀಗೆ, ಅಜ್ಜಿಯ ಚುಕ್ಕಿ ಹೀಗೆ, ಎಲ್ಲ ಸಾಲು ಸಾಲು. ಉಗುರುಬಣ್ಣದ ಎಣ್ಣೆಯ ವಾಸನೆಯ ಬಗ್ಗೆಯೂ ಬಂತು. ಆರು ತಿಂಗಳು ಈ ಮಗುವಿನ ಬಾಯಿಂದ ಒಂದು ಮಾತು ಹೊರಡಲಿ ಎಂದು ಕಂಡ ದೇವರಿಗೆಲ್ಲ ಕೈಮುಗಿದಿದ್ದವಳು ನಾನೇ. ಈಗ ಕಂಬದ ಮರೆಗೆ ಸರಿದು, ಅಪ್ಪಾ ತಂದೆ, ಕೊಟ್ಟದ್ದು ಸಾಕು, ಇನ್ನು ನಿಲ್ಲಿಸು ಎಂದು ಮತ್ತೆ ಕೈಮುಗಿದೆ.